ಬಚ್ಚಲಲ್ಲಿ ಜಾರಿ ಬಿದ್ದ ಕತೆ

ನನ್ನ ಮುಂದಿನ ಎರಡು ಹಲ್ಲು ಹೋದದ್ದು ಒಂದು ಸೋಮವಾರ ಬೆಳಿಗ್ಗೆ, ನಮ್ಮನೆಯವರು ಆಫೀಸಿಗೆ ಹೊರಡುವ ಹೊತ್ತಿನಲ್ಲಿ. ನನಗಾಗ ಹತ್ತೊಂಬತ್ತು. ಮದುವೆಯಾಗಿ ಎರಡು ವರ್ಷ ಆಗಿತ್ತು. ಯುದ್ಧದ ಕಾಲ, ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಎಲ್ಲಿ ನೋಡಿದರೂ ಲಾರಿ, ಸೋಲ್ಜರು, ಖಾಕಿ. ನಾವು ಹಲಸೂರು ಕೆರೆಯ ಹಿಂದಿನ ಒಂದು ವಠಾರದಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಆರು ಮನೆಗೆ ಸೇರಿ ಒಂದು ನಲ್ಲಿ, ಒಂದು ಬಚ್ಚಲು. ಇವರು ಮಿಲಿಟರಿ ಸಾಮಾನಿನ ಡಿಪೋ ಒಂದರಲ್ಲಿ ಗುಮಾಸ್ತರು. ನಾನು ಗರುಡಾಚಾರ್‌ಪಾಳ್ಯದ ಒಕ್ಕಲುಮನೆಯ ಹುಡುಗಿ. ಕೃಷ್ಣರಾಜಪುರದ ಸ್ಕೂಲಿಗೆ ನಡೆದು ಹೋಗಿ ಲೋಯರ್ ಸೆಕೆಂಡರಿವರೆಗೆ ಓದಿದ್ದೆ. ನಮ್ಮೂರ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದವಳು ನಾನೊಬ್ಬಳೇ ಅಂತ ಹೇಳಿಕೊಂಡೇ ನಮ್ಮಪ್ಪ ಆಫೀಸಿನ ಗಂಡು ಹುಡುಕಿದ್ದರು.

ನನಗೆ ನಗುವ ಚಟ ಇತ್ತು. ಚಟ ಅಂತ ನಾನು ಹೇಳುತ್ತಿಲ್ಲ, ಇವರು ಹೇಳುತ್ತಿದ್ದದ್ದು. ಆ ದಿನ ಡಿಪೋಗೆ ಹೊಸ ದೊರೆ ಬರುವವನಿದ್ದ. ಅವನ ಮುಂದೆ ಹೇಳಬೇಕಾದ ಇಂಗ್ಲಿಷ್ ಮಾತನ್ನು ಇವರು ಗೋಡೆಯ ಕನ್ನಡಿ ಮುಂದೆ ನಿಂತು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಪ್ರತಿ ಸಲವೂ ಒಂದೇ ಕಡೆ ನಾಲಿಗೆ ತಡವರಿಸುತ್ತಿತ್ತು. ತಡವರಿಸಿದ ಕೂಡಲೇ ಕತ್ತು ಸೆಟೆಸಿ, ಕೋಟಿನ ಗುಂಡಿ ಮುಟ್ಟಿ ನೋಡಿ, ಮೊದಲಿಂದ ಶುರು ಮಾಡುತ್ತಿದ್ದರು. ನಾನು ಕುಡಿಯುವ ನೀರಿನ ಚೊಂಬು ತಂದಿಟ್ಟು ಬಾಗಿಲಲ್ಲಿ ನಿಂತಿದ್ದೆ.

"ನಮ್ಮೂರ ಮೇಷ್ಟ್ರು ಇನ್‌ಸ್ಪೆಕ್ಟ್ರು ಬಂದಾಗ ಹಿಂಗೇ ಮಾಡೋರು ಕಣ್ರೀ" ಅಂದೆ. ಅಂದು ನಕ್ಕೆ. ಜೋರಾಗಿಯೇ ನಕ್ಕೆ.

ಅವರು ತಿರುಗಿದ್ದು ನೆನಪಿದೆ. ಚೊಂಬು ಕೈಗೆತ್ತಿಕೊಂಡದ್ದು ನೆನಪಿದೆ, ಕುಡಿಯುವುದಕ್ಕೆ ಅಂದುಕೊಂಡೆ. ಹಿತ್ತಾಳೆಯದು, ತುಂಬಿದ್ದದ್ದು. ಬಾಯಿಗೆ ಬಂದು ಬಡಿದಾಗ ನೋವಾಗಲಿಲ್ಲ, ಕಿವಿಯೊಳಗೆ ಗಂಟೆ ಬಾರಿಸಿದ ಹಾಗಾಯಿತು, ಸೀರೆಯೆಲ್ಲ ಒದ್ದೆಯಾಯಿತು. ಎದೆಯ ಮೇಲಿನ ನೀರು ಕೆಂಪಗಾದಾಗಲೇ ಏನಾಯಿತೆಂದು ಗೊತ್ತಾದದ್ದು.

ಇವರು ಮಾಡಿದ ಮೊದಲ ಕೆಲಸ ಬಾಗಿಲು ಹಾಕಿದ್ದು. ಎರಡನೆಯದು ನೆಲದ ಮೇಲೆ ಮೊಣಕಾಲೂರಿ ಹಲ್ಲು ಹುಡುಕಿದ್ದು. ಒಂದು ಸಿಕ್ಕಿತು. ಅದರ ಪಕ್ಕದ್ದು ಬಾಯಲ್ಲೇ ಇತ್ತು, ಆದರೆ ನಾಲಿಗೆ ತಾಗಿದರೆ ಬಾಗಿಲ ಅಗುಳಿಯ ಹಾಗೆ ಆಡುತ್ತಿತ್ತು. ಸಿಕ್ಕಿದ ಹಲ್ಲನ್ನು ಒಂದು ಹಾಳೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟು, ತುಂಬಾ ಮೆಲ್ಲಗೆ ಹೇಳಿದರು:

"ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು. ಕೇಳಿದ್ಯಾ? ಪಾಚಿ ಕಟ್ಟಿತ್ತು, ಜಾರಿ ಬಿದ್ದೆ."

ನಾನು ತಲೆ ಆಡಿಸಿದೆ. ಆಮೇಲೆ ಅವರು ಅಂಗಿ ಬದಲಾಯಿಸಿ ಆಫೀಸಿಗೆ ಹೋದರು. ಹೊಸ ದೊರೆಯ ಮುಂದೆ ಆ ಮಾತನ್ನು ತಡವರಿಸದೆ ಹೇಳಿದರಂತೆ.

ವಠಾರದ ಗೋಡೆಗಳು ಅಡ್ಡಗೋಡೆಗಳು. ಮೇಲೆ ಹೆಂಚಿನವರೆಗೂ ಹೋಗಿರಲಿಲ್ಲ. ಪಕ್ಕದ ಮನೆಯವರು ಕೆಮ್ಮಿದರೂ ನಮಗೆ ಕೇಳುತ್ತಿತ್ತು. ಆದರೂ ಆ ಮಧ್ಯಾಹ್ನ ನಲ್ಲಿಯ ಹತ್ತಿರ ಬಂದ ಹೆಂಗಸರೆಲ್ಲ ನನ್ನ ಊದಿದ ಮುಖ ನೋಡಿ, ನಾನು ಹೇಳಿದ್ದನ್ನು ಕೇಳಿ, "ಅಯ್ಯೋ, ಆ ಬಚ್ಚಲು ತಿಕ್ಕಬೇಕು ಅಂತ ನಾನೂ ಹೇಳ್ತಾನೇ ಇದ್ದೆ" ಅಂದರು. ಒಬ್ಬಳು ಅವತ್ತೇ ಸಾಯಂಕಾಲ ಬೂದಿ, ತೆಂಗಿನ ನಾರು ತೆಗೆದುಕೊಂಡು ಹೋಗಿ ಬಚ್ಚಲು ತಿಕ್ಕಿಯೂ ತಿಕ್ಕಿದಳು. ಅವಳು ತಿಕ್ಕುವ ಸದ್ದು ಕೇಳುತ್ತ ಮಲಗಿದ್ದೆ. ಒಂದು ಸುಳ್ಳಿಗಾಗಿ ಅಷ್ಟು ಕಷ್ಟಪಟ್ಟು ಕೆಲಸ ಮಾಡುತ್ತಿದ್ದಾಳಲ್ಲ ಅನ್ನಿಸಿತು.

ಅಲ್ಲಾಡುತ್ತಿದ್ದ ಹಲ್ಲು ವಾರದೊಳಗೆ ತಾನಾಗಿಯೇ ಬಿತ್ತು. ಎರಡು ತಿಂಗಳು ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡೇ ಓಡಾಡಿದೆ. ಮಾತಾಡಿದರೆ ಗಾಳಿ ಹೋಗುತ್ತಿತ್ತು, "ಸ" ಅನ್ನಲು ಬರುತ್ತಿರಲಿಲ್ಲ. ಹಾಗಾಗಿ ಮಾತೂ ಕಡಿಮೆ ಮಾಡಿದೆ. ಅದರಿಂದ ಇವರಿಗೇನೂ ಬೇಸರವಾಗಿರಲಿಲ್ಲ. ಬೇಸರವಾದದ್ದು ದೊರೆಯ ಬಂಗಲೆಯಲ್ಲಿ ಟೀ ಪಾರ್ಟಿ ಅಂತ ಗೊತ್ತಾದ ಮೇಲೆ. ಆಫೀಸಿನವರೆಲ್ಲ ಹೆಂಡತಿಯನ್ನು ಕರೆದುಕೊಂಡು ಬರಬೇಕು ಅಂತ ದೊರೆಸಾನಿಯ ಅಪ್ಪಣೆ. ಹೆಡ್ ಗುಮಾಸ್ತರ ಜಾಗ ಖಾಲಿಯಾಗುವುದರಲ್ಲಿತ್ತು. ಅವತ್ತು ಇವರು ಮನೆಗೆ ಬಂದವರೇ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಎತ್ತು ಕೊಳ್ಳುವವನು ನೋಡುವ ಹಾಗೆ ಬಾಯೊಳಗೆ ನೋಡಿದರು.

"ಹಲ್ಲು ಕಟ್ಟಿಸೋಣ" ಅಂದರು.

ಶಿವಾಜಿನಗರಕ್ಕೆ ಆಗ ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ಅಲ್ಲಿನ ಮಾರ್ಕೆಟ್ಟಿಗೆ ಸ್ವಲ್ಪ ಈಚೆ, ಚಪ್ಪಲಿ ಅಂಗಡಿಗಳ ಬೀದಿಯಲ್ಲಿ ಮಹಡಿ ಮೇಲೆ ಒಬ್ಬ ಚೀನಾದ ಹಲ್ಲಿನ ಡಾಕ್ಟರಿದ್ದ. ಸೋಲ್ಜರುಗಳೂ ದಂಡಿನ ಸಾಹುಕಾರರೂ ಅವನ ಹತ್ತಿರವೇ ಹೋಗುತ್ತಿದ್ದರು. ತಮಿಳು, ದಖ್ನಿ ಉರ್ದು ಎರಡನ್ನೂ ಸೇರಿಸಿ ಮಾತಾಡುತ್ತಿದ್ದ. ಅವನ ಹೆಂಡತಿಯೂ ಅಲ್ಲೇ ಇರುತ್ತಿದ್ದಳು. ಬಿಳಿ ಏಪ್ರನ್ ಕಟ್ಟಿಕೊಂಡು, ಹೊಲಿಗೆ ಮಿಷನ್ನಿನ ಹಾಗೆ ಕಾಲಲ್ಲಿ ತುಳಿಯುವ ಯಂತ್ರದ ಮುಂದೆ ನಿಂತಿರುತ್ತಿದ್ದಳು. ಅವಳು ತುಳಿದರೆ ಡಾಕ್ಟರ ಕೈಯಲ್ಲಿದ್ದ ಸೂಜಿಯಂಥದ್ದು ತಿರುಗುತ್ತಿತ್ತು.

ಡಾಕ್ಟರ್ ಮೊದಲು ಒಂದು ತಟ್ಟೆಯಲ್ಲಿ ತೆಗೆದು ಹಾಕುವ ಹಲ್ಲಿನ ಸೆಟ್ಟು ತೋರಿಸಿದ. ಕೆಂಪು ರಬ್ಬರಿನ ಒಸಡು, ಅದಕ್ಕೆ ಕಚ್ಚಿಸಿದ ಹಲ್ಲು, ಪಕ್ಕದ ಹಲ್ಲಿಗೆ ಸಿಗಿಸುವ ತಂತಿ. "ಇದು ಸಾಕು. ಚಿಕ್ಕ ವಯಸ್ಸು. ರಾತ್ರಿ ತೆಗೆದಿಟ್ಟು ಬೆಳಿಗ್ಗೆ ಹಾಕ್ಕೊಬಹುದು" ಅಂದ.

ಇವರು ಒಪ್ಪಲಿಲ್ಲ. "ಎಲ್ಲರ ಮುಂದೆ ಕಳಚಿ ಬಿದ್ರೆ? ಬೇಡ. ಗಟ್ಟಿಯಾಗಿ ಕೂರೋದು ಬೇಕು. ಕಟ್ಟಿಸಿದ್ದು ಅಂತ ಗೊತ್ತಾಗಬಾರದು."

"ಗಟ್ಟಿಯಾಗಿ ಕೂರಬೇಕಂದ್ರೆ ಬ್ರಿಡ್ಜು ಹಾಕಬೇಕು" ಅಂದ ಡಾಕ್ಟರ್. ಆ ಮಾತನ್ನು ನಾನು ಮೊದಲು ಕೇಳಿದ್ದು ಆಗ. ಸುಣ್ಣದ ಅಚ್ಚೊಂದನ್ನು ಕೈಯಲ್ಲಿ ಹಿಡಿದು ಆತ ವಿವರಿಸಿದ. ಹೋದ ಎರಡು ಹಲ್ಲಿನ ಈ ಕಡೆ ಒಂದು ಹಲ್ಲು, ಆ ಕಡೆ ಕೋರೆಹಲ್ಲು. ಆ ಎರಡನ್ನೂ ಸುತ್ತ ಅರೆದು ಸಣ್ಣಗೆ ಮಾಡಬೇಕು. ಅವುಗಳ ಮೇಲೆ ಬಂಗಾರದ ಕವಚ ತೊಡಿಸಬೇಕು. ಕವಚಗಳ ನಡುವೆ ಪಿಂಗಾಣಿಯ ಎರಡು ಹಲ್ಲು ನಿಲ್ಲಿಸಬೇಕು.

"ಅರೆಯೋದು ಅಂದ್ರೆ, ಚೆನ್ನಾಗಿರೋ ಹಲ್ಲನ್ನಾ?" ಅಂತ ನಾನು ಕೇಳಿದೆ. ಆ ದಿನ ನಾನು ಆಡಿದ ಮಾತು ಅದೊಂದೇ.

ಡಾಕ್ಟರ್ ನನ್ನ ಕಡೆ ನೋಡಿ ಹೌದು ಅಂದ. "ಅದಕ್ಕೇ ಹೇಳಿದ್ದು, ಸೆಟ್ಟೇ ಸಾಕು ಅಂತ."

"ಬ್ರಿಡ್ಜೇ ಹಾಕಿ" ಅಂದರು ಇವರು.

ಬಂಗಾರ ಸಿಗುವುದು ಕಷ್ಟ, ಮನೆಯದೇ ಇದ್ದರೆ ತನ್ನಿ, ಕರಗಿಸಿ ಮಾಡುತ್ತೇನೆ ಅಂದ ಡಾಕ್ಟರ್. ನನ್ನ ಕಿವಿಯ ಮೇಲ್ಗಡೆ ಬುಗುಡಿ ಇತ್ತು. ಅವ್ವ ಹಾಕಿದ್ದು. ಅವ್ವನಿಗೆ ಅವರವ್ವ ಹಾಕಿದ್ದು. ಇವರು ಅದನ್ನೇ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ; ಕೇಳಿದ್ದರೆ ಆಗಲ್ಲ ಅನ್ನುತ್ತಿದ್ದೆನೇನೋ. ಅಲ್ಲೇ ಕೂತು ಬಿಚ್ಚಿಕೊಟ್ಟೆ. ಒಂದರ ತಿರುಪು ಬರಲಿಲ್ಲ, ಡಾಕ್ಟರ ಹೆಂಡತಿ ಸಹಾಯ ಮಾಡಿದಳು.

ಹಲ್ಲು ಅರೆಯುವ ದಿನ ಇವರು ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆಂದು ನನ್ನನ್ನು ಬಿಟ್ಟು ಆಫೀಸಿಗೆ ಹೋದರು. ಡಾಕ್ಟರ್ ಒಳಗಿನ ಕೋಣೆಯಲ್ಲಿ ಏನೋ ಕಲಸುತ್ತಿದ್ದಾಗ ಅವನ ಹೆಂಡತಿ ನನ್ನ ಕತ್ತಿಗೆ ಬಟ್ಟೆ ಕಟ್ಟುತ್ತ, ಕಿವಿಯ ಹತ್ತಿರ ಬಾಗಿ ತಮಿಳಿನಲ್ಲಿ ಕೇಳಿದಳು: "ವಿಳುಂದಿಯಾ? ಅಡಿಚ್ಚಾನಾ?"

ಬಿದ್ದೆಯಾ, ಹೊಡೆದನಾ ಅಂತ. ವಠಾರದ ತಮಿಳು ನನಗೆ ಅಷ್ಟು ಬರುತ್ತಿತ್ತು.

"ಬಿದ್ದೆ" ಅಂದೆ. "ಬಚ್ಚಲಲ್ಲಿ."

ಅವಳು ಯಂತ್ರದ ಹತ್ತಿರ ಹೋಗಿ ಕಾಲಿಟ್ಟಳು.

ಒಸಡಿಗೆ ಸೂಜಿಮದ್ದು ಹಾಕಿದ್ದರು. ಆದರೂ ತಲೆಬುರುಡೆಯೊಳಗೇ ಯಾರೋ ರಾಗಿ ಬೀಸುತ್ತಿದ್ದಾರೆ ಅನ್ನಿಸುತ್ತಿತ್ತು. ಸುಟ್ಟ ಮೂಳೆಯ ವಾಸನೆ. ನಡುನಡುವೆ ಡಾಕ್ಟರ್ ನಿಲ್ಲಿಸಿ ಉಗಿಯಲು ಹೇಳುತ್ತಿದ್ದ. ಉಗಿದರೆ ಬಿಳಿ ಹಿಟ್ಟು. ನನ್ನದೇ ಹಲ್ಲು. ಏನೂ ಆಗದೆ ಇದ್ದ ಹಲ್ಲು. ಚೊಂಬಿನ ಏಟು ತಪ್ಪಿಸಿಕೊಂಡು ಉಳಿದುಕೊಂಡಿದ್ದ ಎರಡನ್ನೂ ಈ ಕುರ್ಚಿಯಲ್ಲಿ ಕೂತು, ಬಾಯಿ ತೆರೆದುಕೊಂಡು, ನಾನಾಗಿಯೇ ಹಿಟ್ಟು ಮಾಡಿಸಿಕೊಂಡೆ. ಕನ್ನಡಿ ಕೊಟ್ಟಾಗ ನೋಡಿದೆ: ಎರಡು ಮೊಳೆಗಳ ಹಾಗೆ ನಿಂತಿದ್ದವು. ಬಂಗಾರದ ಕವಚ ತಯಾರಾಗುವವರೆಗೆ ಹತ್ತು ದಿನ ನೀರು ಕುಡಿದರೂ ಜೀವ ಹೋಗುತ್ತಿತ್ತು. ಉಗುರುಬೆಚ್ಚಗಿನ ರಾಗಿ ಅಂಬಲಿಯನ್ನು ನಾಲಿಗೆಯ ಪಕ್ಕದಿಂದ ಇಳಿಸಿಕೊಂಡು ಬದುಕಿದೆ.

ಬ್ರಿಡ್ಜು ಕೂತ ದಿನ ಇವರು ನನ್ನನ್ನು ಜಟಕಾದಲ್ಲಿ ಮನೆಗೆ ಕರೆತಂದರು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. "ನಗು" ಅಂದರು. ನಕ್ಕೆ. "ಇನ್ನೂ ಸ್ವಲ್ಪ." ಇನ್ನೂ ಸ್ವಲ್ಪ ನಕ್ಕೆ. ಅಂಚಿನಲ್ಲಿ ಬಂಗಾರದ ಸಣ್ಣ ಗೆರೆ ಕಾಣುತ್ತಿತ್ತು. ಅವರಿಗೆ ತೃಪ್ತಿಯಾಯಿತು.

ಟೀ ಪಾರ್ಟಿ ಬಂಗಲೆಯ ಹುಲ್ಲಿನ ಮೇಲೆ, ಶಾಮಿಯಾನದ ಕೆಳಗೆ. ಹೆಂಗಸರನ್ನೆಲ್ಲ ಒಂದು ಕಡೆ ಸಾಲಾಗಿ ನಿಲ್ಲಿಸಿದ್ದರು. ದೊರೆಸಾನಿ ಒಬ್ಬೊಬ್ಬರ ಹತ್ತಿರ ಬಂದು ಕೈ ಕುಲುಕುತ್ತಿದ್ದಳು. ನನ್ನ ಮುಂದೆ ಬಂದಾಗ ಇವರು ಎಲ್ಲಿಂದಲೋ ಬಂದು ನನ್ನ ಪಕ್ಕ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದರು. ಒಂದು ಸಲವೂ ತಡವರಿಸಲಿಲ್ಲ. ನನಗೆ ತಿಳಿದದ್ದು ಎರಡೇ ಪದ: ಬಾತ್‌ರೂಮು, ಬ್ರಿಡ್ಜು. ದೊರೆಸಾನಿ ಕನಿಕರದಿಂದ "ಓ" ಅಂದು, ನನ್ನ ಬಾಯಿ ನೋಡಿ, ಇವರ ತೋಳು ತಟ್ಟಿ "ಗುಡ್ ಹಸ್ಬೆಂಡ್" ಅಂದಳು. ಸುತ್ತ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕೇ ತಾನೇ ಹಲ್ಲು ಹಾಕಿಸಿದ್ದು.

ಯಾರೂ ಕೇಳಿರಲಿಲ್ಲ. ಇವರಾಗಿಯೇ ಹಲ್ಲಿನ ವಿಷಯ ಹೇಳಿದ್ದರು. ಕಟ್ಟಿಸಿದ್ದು ಅಂತ ಗೊತ್ತಾಗಬಾರದು ಅಂದಿದ್ದವರೇ ಹೇಳಿದ್ದರು. ಅವತ್ತು ಅದರ ರುಚಿ ಹತ್ತಿತು ಇವರಿಗೆ. ಆಮೇಲೆ ಮನೆಗೆ ಬಂದವರಿಗೆಲ್ಲ, ಹೋದ ಕಡೆಯಲ್ಲೆಲ್ಲ ಆ ಕತೆ. ನಾನು ಹೇಗೆ ಬಚ್ಚಲಲ್ಲಿ ಜಾರಿದೆ, ಇವರಿಗೆ ಹೇಗೆ ಎದೆ ಧಸಕ್ಕೆಂದಿತು, ಸೆಟ್ಟು ಸಾಕು ಅಂತ ಡಾಕ್ಟರ್ ಹೇಳಿದರೂ ಇವರು ಹೇಗೆ ಬಂಗಾರದ ಬ್ರಿಡ್ಜೇ ಆಗಬೇಕೆಂದು ಹಟ ಹಿಡಿದರು. ಕೇಳಿದವರು ನನ್ನ ಕಡೆ ತಿರುಗಿ, "ಪುಣ್ಯ ಮಾಡಿದ್ದೀಯ ಕಣಮ್ಮ. ಹೆಂಡ್ತಿ ಹಲ್ಲಿಗೆ ಬಂಗಾರ ಹಾಕ್ಸೋ ಗಂಡಸು ಯಾರಿದಾರೆ ಈ ಕಾಲ್ದಲ್ಲಿ?" ಅನ್ನುತ್ತಿದ್ದರು. ನಾನು ತುಟಿ ತೆರೆದು ತೋರಿಸಬೇಕಾಗುತ್ತಿತ್ತು. ಬುಗುಡಿಯ ಮಾತು ಕತೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ.

ಅದನ್ನು ಗಮನಿಸಿದವಳು ಅವ್ವ ಒಬ್ಬಳೇ. ಪಾರ್ಟಿಯಾಗಿ ಒಂದು ತಿಂಗಳಿಗೆ, ಅಪ್ಪನ ಗಾಡಿಯಲ್ಲಿ ತರಕಾರಿಯ ಜೊತೆ ಬಂದಳು. ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಅವಳು ನನ್ನ ಹಲ್ಲು ನೋಡಲಿಲ್ಲ, ಕಿವಿ ನೋಡಿದಳು.

"ಬುಗುಡಿ ಎಲ್ಲಿ?"

"ಬಾಯಲ್ಲಿದೆ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಆಗ ಎಲ್ಲ ಹೇಳಿದೆ. ಕನ್ನಡಿ, ಇಂಗ್ಲಿಷು, ಚೊಂಬು, ಡಾಕ್ಟರು. ಹೇಳುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಅವ್ವ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮೊರ ತುಂಬುವವರೆಗೂ ಬಿಡಿಸಿದಳು. ಆಮೇಲೆ ಬಾಗಿಲ ಕಡೆ ಒಂದು ಸಲ ನೋಡಿ ಹೇಳಿದಳು:

"ನಂಗೇಳ್ದೆ, ಆಯ್ತು. ನಿಮ್ಮಪ್ಪಂಗೆ ಹೇಳ್ಬ್ಯಾಡ. ನಿನ್ ತಮ್ಮನ್ನ ಡಿಪೋಲಿ ಕೆಲ್ಸಕ್ಕೆ ಸೇರಿಸ್ತೀನಿ ಅಂದವ್ರೆ ನಿನ್ ಗಂಡ. ಇನ್ನೊಂದು ತಿಂಗ್ಳು ಬಾಯಿ ಮುಚ್ಕೊಂಡಿರು."

"ಕೆಲ್ಸ ಸಿಕ್ಕಿದ್ಮೇಲೆ?"

"ಸಿಕ್ಕಿದ್ಮೇಲೆ ಅದನ್ನ ಉಳಿಸ್ಕೋಬ್ಯಾಡ್ವಾ?" ಅಂದಳು ಅವ್ವ. ಸಿಟ್ಟಿನಿಂದಲ್ಲ. ನನಗೇ ಅಷ್ಟು ತಿಳಿಯಬಾರದೇ ಅನ್ನುವ ಹಾಗೆ.

ತಮ್ಮನಿಗೆ ಕೆಲಸ ಸಿಕ್ಕಿತು. ಇವರಿಗೆ ಹೆಡ್ ಗುಮಾಸ್ತರ ಕುರ್ಚಿಯೂ ಸಿಕ್ಕಿತು. ಅಪ್ಪ ಊರಲ್ಲೆಲ್ಲ ಅಳಿಯನನ್ನು ಹೊಗಳಿಕೊಂಡು ತಿರುಗಿದರು. ಅದಾದ ಮೇಲೆ ಇವರು ನನ್ನ ಮುಖದ ಮೇಲೆ ಕೈ ಮಾಡಲಿಲ್ಲ. ಬ್ರಿಡ್ಜಿಗೆ ಏನಾದರೂ ಆದರೆ ಅನ್ನುವ ಎಚ್ಚರ ಯಾವಾಗಲೂ ಇರುತ್ತಿತ್ತು. ಬೆನ್ನು ಇತ್ತಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ನಮಗೆ ಒಬ್ಬಳು ಮಗಳು ಹುಟ್ಟಿದ್ದಳು. ಬ್ರಿಡ್ಜು ಹಾಕಿಸಿ ನಾಲ್ಕನೇ ವರ್ಷಕ್ಕೆ ಕೋರೆಹಲ್ಲಿನ ಬುಡ ನೋಯತೊಡಗಿತು. ಮೊದಮೊದಲು ಚಳಿಯಲ್ಲಿ ಮಾತ್ರ. ಆಮೇಲೆ ಯಾವಾಗಲೂ. ಕವಚದ ಅಂಚಿನ ಕೆಳಗೆ ಒಸಡು ಕಪ್ಪಾಗಿ, ಒತ್ತಿದರೆ ಕೀವು ಬರುತ್ತಿತ್ತು. ಇವರಿಗೆ ಹೇಳಿದೆ.

"ಉಪ್ಪು ನೀರಲ್ಲಿ ಮುಕ್ಕಳಿಸು."

"ಮುಕ್ಕಳಿಸ್ತಾನೇ ಇದೀನ್ರೀ. ಒಳಗೆ ಹಲ್ಲು ಕೊಳೀತಿದೆ ಅನ್ಸುತ್ತೆ."

"ಬಂಗಾರ ಎಲ್ಲಾದ್ರೂ ಕೊಳೆಯುತ್ತಾ? ಅದನ್ನ ತೆಗೆಸಿದ್ರೆ ನೋಡಿದವ್ರು ಏನಂತಾರೆ?"

ಆರು ತಿಂಗಳು ಹಾಗೇ ಕಳೆಯಿತು. ಬಾಯಿ ವಾಸನೆ ನನಗೇ ಬರುತ್ತಿತ್ತು. ನಾನು ಊಟಕ್ಕೆ ಬಡಿಸುವಾಗ ಇವರು ಮುಖ ಆಚೆ ತಿರುಗಿಸುತ್ತಿದ್ದರು. ಮಗಳು ಮುತ್ತು ಕೊಡಲು ಬಂದರೆ ನಾನೇ ಕೆನ್ನೆ ಕೊಡುತ್ತಿದ್ದೆ. ಆದರೆ ಮನೆಗೆ ಯಾರಾದರೂ ಬಂದರೆ ಬಂಗಾರದ ಬ್ರಿಡ್ಜಿನ ಕತೆ ನಿಲ್ಲಲಿಲ್ಲ. ಆ ಕತೆ ಕೇಳುತ್ತ, ತುಟಿ ತೆರೆದು ತೋರಿಸುತ್ತ, ನಾಲಿಗೆಯಿಂದ ಕೀವು ಒಳಕ್ಕೆ ಎಳೆದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಕಣ್ಣಿನ ಕೆಳಗಿನವರೆಗೂ ಊದಿಕೊಂಡಿತ್ತು. ಇವರು ಆಫೀಸಿಗೆ ಹೋದ ಮೇಲೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಹಲಸೂರಿನಿಂದ ಶಿವಾಜಿನಗರದವರೆಗೆ ನಡೆದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಮಹಡಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು.

ಡಾಕ್ಟರಿಗೆ ನನ್ನ ಮುಖ ನೆನಪಿರಲಿಲ್ಲ. ಬಾಯಿ ತೆರೆದಾಗ ತನ್ನ ಕೈಕೆಲಸ ನೆನಪಾಯಿತು. ಬ್ರಿಡ್ಜನ್ನು ಸೀಳಿ ತೆಗೆದ. ಕೆಳಗಿದ್ದ ಎರಡು ಮೊಳೆಗಳೂ ಮೆತ್ತಗೆ ಕಂದುಬಣ್ಣಕ್ಕೆ ತಿರುಗಿದ್ದವು. "ಎರಡನ್ನೂ ಕೀಳಬೇಕು. ಆರು ತಿಂಗಳು ಮುಂಚೆ ಬಂದಿದ್ರೆ ಒಂದು ಉಳೀತಿತ್ತು" ಅಂದ. ಕಿತ್ತ. ಅಲ್ಲಿಗೆ ಎರಡು ಹೋಗಿದ್ದ ಕಡೆ ನಾಲ್ಕು ಹೋದ ಹಾಗಾಯಿತು.

ಡಾಕ್ಟರ್ ಕೈ ತೊಳೆಯಲು ಒಳಗೆ ಹೋದ. ಅವನ ಹೆಂಡತಿ ನನ್ನ ಬಾಯಿಗೆ ಹತ್ತಿ ಇಡುತ್ತಿದ್ದಳು. ಅವಳ ಮಣಿಕಟ್ಟು ಹಿಡಿದುಕೊಂಡು, ಹತ್ತಿಯನ್ನು ಪಕ್ಕಕ್ಕೆ ಸರಿಸಿ, ಅವಳು ಆವತ್ತು ಕೇಳಿದ್ದಕ್ಕೆ ಉತ್ತರ ಹೇಳಿದೆ: "ಅಡಿಚ್ಚಾನ್." ಹೊಡೆದ ಅಂತ. ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ, ಅದೂ ತಮಿಳಿನಲ್ಲಿ.

"ತೆರಿಯುಂ" ಅಂದಳು ಅವಳು. ಗೊತ್ತು. ಅಷ್ಟೇ. ಹತ್ತಿಯನ್ನು ಮತ್ತೆ ಸರಿಯಾಗಿಟ್ಟು, ಗಟ್ಟಿಯಾಗಿ ಕಚ್ಚಿಕೋ ಅಂತ ಸನ್ನೆ ಮಾಡಿ, ಮುಂದಿನವರನ್ನು ಕರೆಯಲು ಹೋದಳು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತು ಬೇರೆಯವರಿಗೆ ಮೊದಲೇ ಗೊತ್ತಿತ್ತು ಅನ್ನುವುದು ಸಮಾಧಾನವಾಗಬೇಕಿತ್ತೇನೋ. ಆಗಲಿಲ್ಲ. ವಠಾರದವರಿಗೂ ಗೊತ್ತಿತ್ತು. ಗೊತ್ತಿದ್ದೂ ಬಚ್ಚಲು ತಿಕ್ಕಿದ್ದರು.

ಸಂಜೆ ಇವರು ಬಂದು ನನ್ನ ಬಾಯಿ ನೋಡಿ ನೆಲದ ಮೇಲೆ ಕೂತುಬಿಟ್ಟರು. "ನನ್ನ ಒಂದು ಮಾತು ಕೇಳ್ದೆ ಹೋದ್ಯಾ?" ಅಂದರು. ಆಮೇಲೆ, "ಗಾಯ ಒಣಗಲಿ. ಹೊಸದು ಹಾಕಿಸೋಣ. ಇನ್ನೂ ದೊಡ್ಡ ಬ್ರಿಡ್ಜು" ಅಂದರು.

"ನಂಗೆ ಬೇಡ."

"ಬೇಡ ಅಂದ್ರೆ?"

"ಇನ್ನೂ ಎರಡು ಒಳ್ಳೇ ಹಲ್ಲು ಅರೆಸ್ಕೊಳಲ್ಲ ನಾನು."

ಅವರು ನಂಬಲಿಲ್ಲ. ಕೋಪ ಇಳಿದ ಮೇಲೆ ಒಪ್ಪುತ್ತಾಳೆ ಅಂದುಕೊಂಡರು. ಕೋಪ ಇರಲಿಲ್ಲ ನನಗೆ. ಬಾಯಿ ಖಾಲಿಯಾಗಿತ್ತು, ನೋವು ನಿಂತಿತ್ತು, ಅಷ್ಟೇ ಸಾಕಾಗಿತ್ತು.

ಆದರೆ ಕತೆ ನಿಲ್ಲಲಿಲ್ಲ. ಮುಂದಿನ ಮಾಘಮಾಸದಲ್ಲಿ ಬಾಣಸವಾಡಿಯಲ್ಲಿ ಇವರ ಅಕ್ಕನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಊಟವಾಗಿ ಎಲ್ಲರೂ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದರು. ಅವ್ವ, ತಮ್ಮ ಕೂಡ ಬಂದಿದ್ದರು. ಯಾರೋ ಹೆಂಗಸು ನನ್ನ ಬಾಯಿ ನೋಡಿ, "ಯಾಕಮ್ಮ, ಇಷ್ಟು ಸಣ್ಣ ವಯಸ್ಸಿಗೇ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು, ಮೂರು ದಾಟಿದ ಕೂಸು, ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡು ಶುರುಮಾಡಿದಳು.

"ಅಮ್ಮ ಬಚ್ಚಲಲ್ಲಿ ಜಾರಿ ದಪ್ ಅಂತ ಬಿದ್ಲು. ಅಪ್ಪಂಗೆ ಎದೆ ಧಸಕ್ ಅಂತು. ಅಪ್ಪ ಅಮ್ಮಂಗೆ ಬಂಗಾರದ ಹಲ್ಲು ಹಾಕ್ಸಿದ್ರು. ಅಮ್ಮ ಅದನ್ನ ಕಿತ್ತಾಕ್ಬಿಟ್ಲು."

ಎಲ್ಲರೂ ಹೋ ಎಂದು ನಕ್ಕರು. ಇವರ ಅಕ್ಕ ಮಗುವಿನ ಕೆನ್ನೆ ಹಿಂಡಿ, ದೃಷ್ಟಿ ತೆಗೆದು, "ಎಷ್ಟು ಚೆಂದ ಹೇಳ್ತಾಳೆ, ಇನ್ನೊಂದ್ಸಲ ಹೇಳು ಪುಟ್ಟಿ" ಅಂದರು. ಮಗಳು ಇನ್ನೊಂದು ಸಲ ಹೇಳಲು ಉಸಿರೆಳೆದುಕೊಂಡಳು.

"ಹೇಳ್ಬೇಡ" ಅಂದೆ. "ನಾನು ಬಿದ್ದಿದ್ದಲ್ಲ."

ಹಲ್ಲಿಲ್ಲದ ಬಾಯಿಯ ಮಾತು, ಅರ್ಧಕ್ಕರ್ಧ ಗಾಳಿ. ಕೇಳಲಿಲ್ಲವೇನೋ ಅಂತ ಇನ್ನೊಂದು ಸಲ, ನಿಧಾನವಾಗಿ ಹೇಳಿದೆ: "ನಾನು ಬೀಳ್ಲಿಲ್ಲ. ಇವ್ರು ಚೊಂಬಲ್ಲಿ ಹೊಡೆದ್ರು. ಬಂಗಾರ ನಮ್ಮವ್ವ ಹಾಕಿದ್ ಬುಗುಡೀದು. ಅವ್ವ ಇಲ್ಲೇ ಇದಾಳೆ, ಕೇಳಿ."

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತುಂಬಾ ಹೊತ್ತು ಹಚ್ಚಿದಳು. ಪಕ್ಕದಲ್ಲಿ ತಮ್ಮ ತಲೆ ಬಗ್ಗಿಸಿ ಕೂತಿದ್ದ. ಕೊನೆಗೆ ಅವ್ವ ಹೇಳಿದಳು: "ನಂಗೇನೂ ಗೊತ್ತಿಲ್ಲಪ್ಪ. ಹಲ್ಲುನೋವಲ್ಲಿ ನಿದ್ದೆ ಇಲ್ಲ ಇವ್ಳಿಗೆ. ಏನೇನೋ ಅಂತಾಳೆ."

"ಪಾಪ, ಕೀವು ತಲೆಗೇರಿರತ್ತೆ" ಅಂದರು ಇವರ ಅಕ್ಕ. "ಒಳಗೆ ಹೋಗಿ ಒಂಚೂರು ಮಲ್ಕೋ ಹೋಗು. ಕಾಫಿ ಕಳಿಸ್ತೀನಿ." ಮಾತು ಬೇರೆ ಕಡೆಗೆ ಹೊರಳಿತು.

ನಾನು ಒಳಗೆ ಹೋಗಲಿಲ್ಲ. ಅಲ್ಲೇ ಕೂತೆ. ಕಾಫಿ ಬಂತು, ಕುಡಿದೆ.

ವಾಪಸು ಬರುವಾಗ ಜಟಕಾದಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಇವರು ಹೊಡೆಯುತ್ತಾರೆ ಅಂತ ಕಾದಿದ್ದೆ. ಹೊಡೆಯಲಿಲ್ಲ. ಅಳುತ್ತಿದ್ದರು. ಕೋಟಿನ ತೋಳಲ್ಲಿ ಕಣ್ಣೊರೆಸಿಕೊಂಡು ಕೇಳಿದರು: "ನಾನ್ ಯಾವತ್ತು ಚೊಂಬಲ್ಲಿ ಹೊಡೆದೆ ನಿಂಗೆ? ನೀನು ಬಚ್ಚಲಲ್ಲಿ ಬಿದ್ದಾಗ ಎತ್ಕೊಂಡು ಬಂದವನು ನಾನು. ನಿನಗೋಸ್ಕರ ಏನೆಲ್ಲ ಮಾಡ್ದೆ. ಅಷ್ಟು ಜನದ ಮುಂದೆ ಹಿಂಗೆ ಹೇಳ್ಬಿಟ್ಯಲ್ಲ?"

ಅವರ ಮುಖವನ್ನು ಚೆನ್ನಾಗಿ ನೋಡಿದೆ. ನಟನೆ ಅಂದುಕೊಂಡು ನೋಡಿದೆ. ನಟನೆ ಆಗಿರಲಿಲ್ಲ. ಹೇಳಿ ಹೇಳಿ ಅವರ ಮಟ್ಟಿಗೆ ಅದೇ ನಡೆದುಹೋಗಿತ್ತು. ಆ ಸೋಮವಾರ ಬೆಳಗಿನ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಅದರಲ್ಲಿ ಒಬ್ಬರು ಮರೆತಿದ್ದರು. ಅದಕ್ಕಿಂತ ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮುಂದಿನ ವಾರ ತಮ್ಮ ಬಂದ. ಬಾಗಿಲಲ್ಲೇ ನಿಂತು, "ಅಕ್ಕ, ಭಾವನ ಹತ್ರ ತಪ್ಪಾಯ್ತು ಅಂತ ಕೇಳ್ಬಿಡು. ಆಫೀಸಲ್ಲಿ ನನ್ ಮುಖ ನೋಡಲ್ಲ ಅವ್ರು" ಅಂದ.

"ನಿಂಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಅವ್ವ ಹೇಳಿದ್ಲು, ಆಗ್ಲೇ" ಅಂದ. ನನ್ನ ಮುಖ ನೋಡದೆ ಹೇಳಿದ.

"ಒಳಗೆ ಬಾ, ಊಟ ಮಾಡ್ಕೊಂಡು ಹೋಗು" ಅಂದೆ. ಬರಲಿಲ್ಲ. ಕ್ಷಮೆ ನಾನು ಕೇಳಲಿಲ್ಲ. ಅವನ ಕೆಲಸ ಹೋಗಲೂ ಇಲ್ಲ. ಒಂದೆರಡು ತಿಂಗಳಿಗೆ ಭಾವ ಭಾವಮೈದ ಮೊದಲಿನ ಹಾಗೆಯೇ ಒಟ್ಟಿಗೆ ಸೈಕಲ್ಲಿನಲ್ಲಿ ಡಿಪೋಗೆ ಹೋಗತೊಡಗಿದರು. ಅವ್ವ ಮಾತ್ರ ಆಮೇಲೆ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದಳು. ಬಂದರೂ ನನ್ನ ಜೊತೆ ಒಬ್ಬಳೇ ಕೂರುತ್ತಿರಲಿಲ್ಲ.

ಇವರು ಮತ್ತೆ ಕೈ ಎತ್ತಲಿಲ್ಲ. ಆ ಕತೆಯನ್ನೂ ಮತ್ತೆ ಹೇಳಲಿಲ್ಲ. ಅದರ ಬದಲು ಇನ್ನೊಂದು ಶುರುವಾಯಿತು: ಎಷ್ಟು ಮಾಡಿದರೂ ನೆನೆಯದ ಹೆಂಡತಿ ಸಿಕ್ಕಿದ್ದರ ಕತೆ. ಅದನ್ನು ನನ್ನ ಮುಂದೆ ಹೇಳುತ್ತಿರಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದರು.

ಮಗಳು ದೊಡ್ಡವಳಾಗುತ್ತ ಒಂದು ದಿನ ಬಟ್ಟೆ ಮಡಿಸುವಾಗ ಕೇಳಿದಳು, "ಅಮ್ಮ, ನಿಜವಾಗಿ ಏನಾಯ್ತು?" ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಮಡಿಸಿದ ಬಟ್ಟೆಗಳನ್ನು ಟ್ರಂಕಿನಲ್ಲಿಟ್ಟು ಹೊರಗೆ ಹೋದಳು. ಸಂಜೆ ಅಪ್ಪ ಬಂದಾಗ ಎಂದಿನಂತೆ ಓಡಿಹೋಗಿ ಕೈಯಿಂದ ಚೀಲ ಇಸಿದುಕೊಂಡಳು. ಅವಳಿಗೆ ಅವರು ಯಾವತ್ತೂ ಒಂದು ಗದರು ಗದರಿದವರಲ್ಲ. ನಾನು ಒಲೆಯ ಮುಂದೆ ಕೂತು ಇಬ್ಬರೂ ಮಾತಾಡುವುದನ್ನು ಕೇಳುತ್ತ ಮುದ್ದೆ ತೊಳಸಿದೆ.